ಕೆಲಸಕ್ಕೆ ಸೇರಿದ ಮೇಲೆ ಹಲ್ಲು ಸರಿಮಾಡಿಸೋದು: ಕ್ಲಿಪ್, ಅಲೈನರ್, ವೆನೀರ್, ಇಲ್ಲಾ ಹಾಗೇ ಬಿಡೋದಾ?

ಸಂಬಳ ಬರೋಕೆ ಶುರುವಾದ ಮೇಲೆ ಹಲ್ಲಿನ ಬಗ್ಗೆ ಯೋಚನೆ ಮಾಡುವವರು ತುಂಬಾ ಜನ ಇದ್ದಾರೆ. ಶಾಲೆಯಲ್ಲಿದ್ದಾಗ ಮನೆಯಲ್ಲಿ ದುಡ್ಡಿರಲಿಲ್ಲ, ಇಲ್ಲವೇ "ದೊಡ್ಡವಳಾದ ಮೇಲೆ ತಾನಾಗೇ ಸರಿಹೋಗುತ್ತೆ ಬಿಡು" ಅಂತ ಅಜ್ಜಿ ಹೇಳಿದ್ದರು. ಈಗ ನೋಡಿದರೆ ದಿನಾ ವಿಡಿಯೋ ಮೀಟಿಂಗ್, ಪರದೆಯ ಮೂಲೆಯಲ್ಲಿ ತನ್ನದೇ ಮುಖ, ಬಾಯಿ ತೆರೆದರೆ ಮೊದಲು ಕಣ್ಣಿಗೆ ಬೀಳೋದು ಆ ಉಬ್ಬು ಹಲ್ಲು. ವಿಚಾರಿಸಲು ಹೋದರೆ ಒಬ್ಬ ಡಾಕ್ಟರು ಮೆಟಲ್ ಕ್ಲಿಪ್ ಅನ್ನುತ್ತಾರೆ, ಮೊಬೈಲಿನಲ್ಲಿ ಬರುವ ಜಾಹೀರಾತು ಪಾರದರ್ಶಕ ಪ್ಲಾಸ್ಟಿಕ್ ಅಚ್ಚಿನ ಅಲೈನರ್ ಅನ್ನುತ್ತದೆ, ಗೆಳತಿ "ಹಲ್ಲಿನ ಮೇಲೆ ತೆಳು ಪದರ ಅಂಟಿಸುವ ವೆನೀರ್ ಹಾಕಿಸು, ಒಂದೇ ವಾರ" ಅನ್ನುತ್ತಾಳೆ. ಬೆಲೆ ನೋಡಿದರೆ ಮೂವತ್ತು ಸಾವಿರದಿಂದ ಮೂರು ಲಕ್ಷದವರೆಗೆ ಇದೆ. ಯಾವುದನ್ನು ನಂಬೋದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವುದು ಕಣ್ಣಿಗೆ ಕಾಣಲ್ಲ ಅಂತ ನೋಡಿ ಆರಿಸಬೇಡಿ. ನಿಮ್ಮ ಹಲ್ಲಿನ ತೊಂದರೆ ಯಾವ ಥರದ್ದು, ನಿಮ್ಮ ಕೆಲಸದ ದಿನ ಹೇಗಿರುತ್ತದೆ, ಈ ಎರಡನ್ನು ನೋಡಿ ಆರಿಸಿ.

ಹಲ್ಲು ಕೆಲಸಕ್ಕೆ ನಿಜವಾಗಲೂ ಅಡ್ಡ ಬರುತ್ತದಾ?

ಸ್ವಲ್ಪ ಮಟ್ಟಿಗೆ ಬರುತ್ತದೆ. 2014ರಲ್ಲಿ ಬ್ರೆಜಿಲ್‌ನ ದಂತವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬರದೇ ಮುಖ, ಎರಡು ಫೋಟೋ. ಒಂದರಲ್ಲಿ ಹಲ್ಲು ಇದ್ದ ಹಾಗೇ, ಇನ್ನೊಂದರಲ್ಲಿ ಕಂಪ್ಯೂಟರಿನಲ್ಲಿ ಸಾಲಾಗಿ ಮಾಡಿದ್ದು. ಕೆಲಸಕ್ಕೆ ಜನರನ್ನು ಆರಿಸುವ ಜವಾಬ್ದಾರಿ ಇದ್ದವರಿಗೆ ತೋರಿಸಿದಾಗ, ಸಾಲು ಹಲ್ಲಿನ ಫೋಟೋಗೆ ಬುದ್ಧಿವಂತಿಕೆಯಲ್ಲೂ ಕೆಲಸ ಸಿಗುವ ಸಾಧ್ಯತೆಯಲ್ಲೂ ಜಾಸ್ತಿ ಅಂಕ ಬಿತ್ತು. ಪ್ರಾಮಾಣಿಕತೆಯಲ್ಲಿ, ಕೆಲಸದ ದಕ್ಷತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೊದಲ ನೋಟದಲ್ಲಿ ಅನ್ಯಾಯ ಆಗುವುದು ನಿಜ. ಆದರೆ ಅದು ಫೋಟೋ ನೋಡಿ ಹೇಳಿದ ಮಾತು. ಅರ್ಧ ಗಂಟೆ ಎದುರು ಕೂತು ಮಾತಾಡಿದ ಮೇಲೆ ಹೇಳಿದ್ದಲ್ಲ.

ಅಮೆರಿಕದಲ್ಲಿ ಇನ್ನೊಂದು ಅಧ್ಯಯನ ನಡೆದಿದೆ. ಫ್ಲೋರೈಡ್ ಸೇರಿಸಿದ ನೀರು ಕುಡಿದು ಬೆಳೆದ ಹೆಣ್ಣುಮಕ್ಕಳು ಮುಂದೆ ಸುಮಾರು ಶೇಕಡಾ 4ರಷ್ಟು ಜಾಸ್ತಿ ದುಡಿಯುತ್ತಾರೆ ಅಂತ ಅದು ಹೇಳಿತು. ಫ್ಲೋರೈಡ್ ಹಲ್ಲು ಹುಳುಕಾಗದಂತೆ ತಡೆಯುತ್ತದೆ, ಹಾಗಾಗಿ ಅದು ಹುಳುಕು ಹಲ್ಲು, ಬಿದ್ದುಹೋದ ಹಲ್ಲಿನ ಕಥೆ. ಸೊಟ್ಟ ಹಲ್ಲಿನ ಕಥೆ ಅಲ್ಲ. ಆದ್ದರಿಂದ ಬಾಯಲ್ಲಿ ಹುಳುಕು ಇದ್ದರೆ, ವಸಡಿನಲ್ಲಿ ರಕ್ತ ಬರುತ್ತಿದ್ದರೆ, ಮುಂದಿನ ಹಲ್ಲೊಂದು ಇಲ್ಲದಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಲಿ. ವಸಡಿನ ಕಾಯಿಲೆ ಹತೋಟಿಗೆ ಬಾರದೆ ಹಲ್ಲು ಜರುಗಿಸಲು ಒಳ್ಳೆಯ ಡಾಕ್ಟರು ಒಪ್ಪುವುದೂ ಇಲ್ಲ. ಸುತ್ತಲಿನ ಮೂಳೆ ಕರಗಿ ಹಲ್ಲು ಅಲ್ಲಾಡುವ ಅಪಾಯ ಇದೆ.

ನಾನು ನೋಡಿರುವ ಮಟ್ಟಿಗೆ ಕೆಲಸದಲ್ಲಿ ಹೆಚ್ಚು ಪೆಟ್ಟು ಕೊಡುವುದು ಹಲ್ಲನ್ನು ಮುಚ್ಚಿಕೊಳ್ಳುವ ಅಭ್ಯಾಸ. ಮಾತಾಡುವಾಗ ಕೈ ಬಾಯಿಗೆ ಹೋಗುತ್ತದೆ. ತುಟಿ ಬಿಗಿ ಹಿಡಿದು ಮಾತಾಡುವುದರಿಂದ ಮಾತು ಸ್ಪಷ್ಟವಾಗಿ ಕೇಳಿಸಲ್ಲ. ಎಲ್ಲರೂ ನಕ್ಕಾಗ ತಲೆ ತಗ್ಗಿಸುತ್ತಾರೆ, ಪ್ರೆಸೆಂಟೇಷನ್ ಬಂದರೆ "ನೀನೇ ಮಾಡು" ಅಂತ ಪಕ್ಕದವರಿಗೆ ದಾಟಿಸುತ್ತಾರೆ, ಹೀಗೆ ವರ್ಷಗಟ್ಟಲೆ ನಡೆದು ಕೊನೆಗೆ ಕೆಲಸ ಬಲ್ಲವರೇ ಯಾರ ಕಣ್ಣಿಗೂ ಬೀಳದೆ ಹಿಂದೆ ಉಳಿಯುತ್ತಾರೆ. ಇದು ನನಗೆ ನಿಜವಾಗಲೂ ಬೇಜಾರು ತರುತ್ತದೆ. ಹಲ್ಲು ಸರಿಯಾದ ಮೇಲೂ ಈ ಅಭ್ಯಾಸ ತಾನಾಗೇ ಹೋಗಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೇ ಜೋರಾಗಿ, ಬಾಯಿ ತೆರೆದು ಮಾತಾಡುವುದನ್ನು ಕಲಿಯಬೇಕು.

ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು

ತೊಂದರೆ ಬರೀ ನೋಟದ್ದಾ, ಕಚ್ಚುವಿಕೆಯದ್ದಾ? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮುಂದಿನ ಎರಡು ಹಲ್ಲಿನ ನಡುವೆ ಸಂದು, ಒಂದು ಹಲ್ಲು ಸ್ವಲ್ಪ ತಿರುಗಿದೆ, ಇಂಥದ್ದು ಹೆಚ್ಚಾಗಿ ನೋಟದ ವಿಚಾರ. ಕೆಳಗಿನ ಹಲ್ಲು ಮೇಲಿನ ಅಂಗುಳಕ್ಕೆ ಚುಚ್ಚುತ್ತಿದೆ, ಮುಂದಿನ ಹಲ್ಲು ಒಂದಕ್ಕೊಂದು ತಾಗದೆ ದೋಸೆ ಕಚ್ಚಿ ಹರಿಯೋಕೆ ಆಗಲ್ಲ, ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂತು ಸವೆಯುತ್ತಿದೆ ಅಂದರೆ ಅದು ಕಚ್ಚುವಿಕೆಯ ತೊಂದರೆ. ತುಂಬಾ ಉಬ್ಬಿದ ಹಲ್ಲಿಗೆ ಬೈಕಿನಿಂದ ಬಿದ್ದಾಗ ಮೊದಲ ಏಟು ಬೀಳುತ್ತದೆ. ಒತ್ತೊತ್ತಾಗಿ ಕೂತ ಹಲ್ಲಿನ ನಡುವೆ ಬ್ರಷ್ ಹೋಗಲ್ಲ. ಹಲ್ಲಿನದ್ದಲ್ಲದೆ ದವಡೆಯೇ ಮುಂದೆ ಅಥವಾ ಹಿಂದೆ ಇದ್ದರೆ, ಬೆಳವಣಿಗೆ ನಿಂತ ವಯಸ್ಸಿನಲ್ಲಿ ಕ್ಲಿಪ್ ಒಂದೇ ಸಾಲದೆ ದವಡೆಯ ಆಪರೇಷನ್ ಕೂಡ ಬೇಕಾಗಬಹುದು.

ಎರಡನೆಯದು, ನಿಮ್ಮ ಕೆಲಸದಲ್ಲಿ ಬಾಯಿಗೆ ಎಷ್ಟು ಕೆಲಸ? ಟೀಚರ್, ವಕೀಲರು, ಕಾಲ್ ಸೆಂಟರ್‌ನವರು, ಸುದ್ದಿ ಓದುವವರು ದಿನವಿಡೀ ಮಾತಾಡಬೇಕು. ಕೋಡ್ ಬರೆಯುವವರಿಗೆ ಎರಡು ವಾರ ಸ್ವಲ್ಪ ತೊದಲಿದರೂ ನಡೆಯುತ್ತದೆ.

ಆಮೇಲೆ ಊಟ ತಿಂಡಿ, ಪ್ರಯಾಣ. ಮುಂದಿನ ಎರಡು ವರ್ಷ ಇದೇ ಊರಿನಲ್ಲಿ ಇರುತ್ತೀರಾ? ತಿಂಗಳಿಗೊಮ್ಮೆ ಕ್ಲಿನಿಕ್‌ಗೆ ಹೋಗಲು ರಜೆ ಸಿಗುತ್ತದಾ? ದಿನಕ್ಕೆ ಎಷ್ಟು ಸಲ ಕಾಫಿ ಕುಡಿಯುತ್ತೀರಿ? ಈ ಕಾಫಿಯ ಪ್ರಶ್ನೆ ಚಿಲ್ಲರೆ ಅನಿಸಬಹುದು, ಆದರೆ ಅಲೈನರ್ ನಿಮಗೆ ಹೊಂದುತ್ತದಾ ಇಲ್ಲವಾ ಅನ್ನುವುದು ಅರ್ಧ ಇದರ ಮೇಲೇ ನಿಂತಿದೆ.

ಕೊನೆಗೆ ದುಡ್ಡು. ಕ್ಲಿಪ್ಪಿನ ಬೆಲೆ ಒಂದೇ ಲೆಕ್ಕಕ್ಕೆ ತಗೋಬೇಡಿ. ಎಕ್ಸ್‌ರೇ, ಸ್ಕ್ಯಾನ್, ಹಲ್ಲು ಕ್ಲೀನಿಂಗ್, ಹಲ್ಲು ಕೀಳಿಸುವುದು, ಕೊನೆಯಲ್ಲಿ ಹಲ್ಲು ಮತ್ತೆ ಜರುಗದಂತೆ ಹಿಡಿಯುವ ರಿಟೈನರ್ ಎಲ್ಲ ಸೇರಿಸಿ ಕೇಳಿ. ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೊಡಲ್ಲ. ಕೆಳಗೆ ನಾನು ಕೊಡುವ ಬೆಲೆಗಳು ಬೆಂಗಳೂರಿನಂಥ ಊರಿನ ಅಂದಾಜು. ಚಿಕ್ಕ ಊರುಗಳಲ್ಲಿ ಕಡಿಮೆ ಇರಬಹುದು.

ಮೆಟಲ್ ಕ್ಲಿಪ್

ಅಂದಾಜು 30 ಸಾವಿರದಿಂದ 60 ಸಾವಿರ. ಪ್ರತಿ ಹಲ್ಲಿಗೆ ಸ್ಟೀಲಿನ ಪುಟ್ಟ ಬ್ರಾಕೆಟ್ ಅಂಟಿಸಿ, ಅದರೊಳಗೆ ತಂತಿ ಹಾಯಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಹಾಕುವ ನಿಕಲ್-ಟೈಟಾನಿಯಂ ತಂತಿ ಬಗ್ಗಿಸಿದರೂ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಹಾಗೆ ಬರುವಾಗ ಹಲ್ಲನ್ನೂ ಮೆಲ್ಲಗೆ ಎಳೆದುಕೊಳ್ಳುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಬಿಟ್ಟು ಬಂದ ಕಡೆ ಹೊಸ ಮೂಳೆ ಕಟ್ಟುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಅದಕ್ಕೇ ಒಂದೂವರೆ ಎರಡು ವರ್ಷ ಹಿಡಿಯುತ್ತದೆ, ಅವಸರ ಮಾಡಿದರೆ ಬೇರಿಗೇ ಪೆಟ್ಟು.

ಇದರ ದೊಡ್ಡ ಗುಣ ಅಂದರೆ ಎಂಥ ಕಷ್ಟದ ಕೇಸಿಗೂ ಆಗುತ್ತದೆ. ನಮ್ಮ ಕಡೆ ಜಾಸ್ತಿ ಕಾಣುವುದು ಮೇಲೆ ಕೆಳಗೆ ಎರಡೂ ಸಾಲು ಉಬ್ಬಿರುವ ಹಲ್ಲು. ಅದಕ್ಕೆ ಸಾಮಾನ್ಯವಾಗಿ ಪ್ರತಿ ಕೋರೆಹಲ್ಲಿನ ಹಿಂದಿನ ಒಂದೊಂದರಂತೆ ನಾಲ್ಕು ಹಲ್ಲು ತೆಗೆಸಿ, ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಹಿಂದೆ ಎಳೆಯುತ್ತಾರೆ. "ಚೆನ್ನಾಗಿರೋ ಹಲ್ಲು ಯಾಕೆ ಕೀಳಿಸಬೇಕು" ಅಂತ ಮನೆಯವರು ಗಲಾಟೆ ಮಾಡುವುದು ಸಹಜ, ಆದರೆ ಜಾಗ ಇಲ್ಲದೆ ಹಲ್ಲು ಎಲ್ಲಿಗೆ ಹೋಗಬೇಕು ಹೇಳಿ? ಇಂಥ ದೊಡ್ಡ ಜರುಗುವಿಕೆಗೆ ಕ್ಲಿಪ್ಪಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಇದರ ಇನ್ನೊಂದು ಗುಣ, ನೀವು ಸೋಮಾರಿಯಾದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ, ಯಾಕಂದರೆ ತೆಗೆದಿಡೋಕೆ ಆಗಲ್ಲ.

ತೊಂದರೆ ಏನು? ಕಾಣುತ್ತದೆ. ಬಿಗಿ ಮಾಡಿದ ಮೇಲೆ ಮೂರು ನಾಲ್ಕು ದಿನ ನೋವು. ತುಟಿಯ ಒಳಗೆ ಉಜ್ಜಿ ಹುಣ್ಣಾಗುತ್ತದೆ, ಅದಕ್ಕೆ ಮೇಣ ಕೊಡುತ್ತಾರೆ. ಚಕ್ಕುಲಿ, ಕೋಡುಬಳೆ, ಕಬ್ಬು, ಕಟಕ್ ರೊಟ್ಟಿ ಬಿಡಬೇಕು, ಇಲ್ಲದಿದ್ದರೆ ಬ್ರಾಕೆಟ್ ಕಿತ್ತು ಬರುತ್ತದೆ. ಜೋಳದ ರೊಟ್ಟಿ ಬಿಡೋಕೆ ಆಗದವರು ಮೆತ್ತಗಿನ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ತಿನ್ನಬಹುದು. ಊಟ ಆದ ಮೇಲೆ ಪ್ರತಿ ಸಲ ಬ್ರಷ್ ಮಾಡದಿದ್ದರೆ ಬ್ರಾಕೆಟ್ಟಿನ ಸುತ್ತ ಬಿಳಿ ಕಲೆ ಉಳಿಯುತ್ತದೆ, ಅದು ಕ್ಲಿಪ್ ತೆಗೆದ ಮೇಲೂ ಹೋಗುವುದು ಕಷ್ಟ.

ಕ್ಲಿಪ್ ಹಾಕಿಕೊಂಡು ಇಂಟರ್‌ವ್ಯೂಗೆ ಹೋದರೆ ಏನಂದುಕೊಳ್ಳುತ್ತಾರೋ ಅಂತ ಹೆದರುವವರಿಗೆ ಒಂದು ಮಾತು. ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಈಗ ಮೂವತ್ತು ದಾಟಿದವರ ಬಾಯಲ್ಲೂ ಕ್ಲಿಪ್ ಕಾಣುತ್ತದೆ. ಒಂದು ವಾರ ನೋಡುತ್ತಾರೆ, ಆಮೇಲೆ ಮರೆಯುತ್ತಾರೆ.

ಸೆರಾಮಿಕ್ ಕ್ಲಿಪ್

ಅಂದಾಜು 45 ಸಾವಿರದಿಂದ 80 ಸಾವಿರ. ಕೆಲಸ ಮೆಟಲ್‌ನದ್ದೇ, ಬ್ರಾಕೆಟ್ ಮಾತ್ರ ಹಲ್ಲಿನ ಬಣ್ಣದ್ದು. ಎರಡು ಮಾರು ದೂರದಿಂದ ಅಷ್ಟಾಗಿ ಕಾಣಲ್ಲ, ವಿಡಿಯೋದಲ್ಲಂತೂ ಇನ್ನೂ ಕಡಿಮೆ. ನಮ್ಮ ಅಡುಗೆಗೆ ಇದರ ಜೊತೆ ಒಂದು ಜಗಳ ಇದೆ. ತಂತಿ ಕಟ್ಟುವ ಪುಟ್ಟ ರಬ್ಬರ್ ರಿಂಗುಗಳು ಅರಿಶಿನಕ್ಕೆ ಒಂದೇ ಊಟದಲ್ಲಿ ಹಳದಿಯಾಗುತ್ತವೆ, ಮುಂದಿನ ಭೇಟಿವರೆಗೂ ಹಾಗೇ ಇರುತ್ತವೆ. ರಬ್ಬರ್ ಬೇಡ, ತೆಳು ತಂತಿಯಲ್ಲಿ ಕಟ್ಟಿ ಅಂತ ಕೇಳಬಹುದು. ಸೆರಾಮಿಕ್ ಹಲ್ಲಿನ ಮೇಲ್ಪದರವಾದ ಎನಾಮಲ್‌ಗಿಂತ ಗಟ್ಟಿ. ಆದ್ದರಿಂದ ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ಮುಚ್ಚುವಂಥ ಕಚ್ಚುವಿಕೆ ಇದ್ದರೆ, ಕೆಳಸಾಲಿಗೆ ಸೆರಾಮಿಕ್ ಹಾಕಿದಾಗ ಮೇಲಿನ ಹಲ್ಲು ಸವೆಯುತ್ತದೆ. ಮೇಲೆ ಸೆರಾಮಿಕ್, ಕೆಳಗೆ ಮೆಟಲ್ ಅನ್ನುವ ಬೆರಕೆ ಒಳ್ಳೆಯ ಉಪಾಯ. ಮಾತಾಡುವಾಗ ಹೆಚ್ಚಿನವರಿಗೆ ಒಂದು ಸಾಲು ತಾನೇ ಎದ್ದು ಕಾಣೋದು? ದುಡ್ಡೂ ಉಳಿಯುತ್ತದೆ.

ಹಲ್ಲಿನ ಹಿಂದೆ ಹಾಕುವ ಕ್ಲಿಪ್

ಲಿಂಗ್ವಲ್ ಅನ್ನುತ್ತಾರೆ. ಲಕ್ಷ ದಾಟುತ್ತದೆ, ಎರಡೂವರೆ ಲಕ್ಷದವರೆಗೂ ಹೋಗುತ್ತದೆ. ಹೊರಗೆ ಏನೇನೂ ಕಾಣಲ್ಲ. ಆದರೆ ನಾಲಿಗೆಗೆ ತಾಗುತ್ತಲೇ ಇರುತ್ತದೆ, ಮೊದಲ ಕೆಲವು ವಾರ ಸ, ಶ ಅಕ್ಷರಗಳು ಸರಿಯಾಗಿ ಹೊರಡಲ್ಲ, ಕ್ಲೀನ್ ಮಾಡುವುದೂ ಕಷ್ಟ. ಇದನ್ನು ಚೆನ್ನಾಗಿ ಮಾಡುವವರು ಕಡಿಮೆ. ನಾದಸ್ವರ, ಸ್ಯಾಕ್ಸೋಫೋನ್ ನುಡಿಸುವವರಿಗೆ ಮುಂದೆ ಬ್ರಾಕೆಟ್ ಇದ್ದರೆ ತುಟಿ ಗಾಯ ಆಗುತ್ತದೆ, ಅಂಥವರು ಇದನ್ನು ಯೋಚಿಸಬಹುದು. ಉಳಿದವರಿಗೆ ನಾನು ಸುಲಭಕ್ಕೆ ಹೇಳಲ್ಲ.

ಅಲೈನರ್

ಬೆಲೆಯ ಹರವು ಇಲ್ಲೇ ಜಾಸ್ತಿ, 60 ಸಾವಿರದಿಂದ ಮೂರು ಲಕ್ಷ ದಾಟುವವರೆಗೂ. ಪಾರದರ್ಶಕ ಪ್ಲಾಸ್ಟಿಕ್ಕಿನ ಅಚ್ಚು. ಒಂದೊಂದನ್ನು ಒಂದು ಎರಡು ವಾರ ಹಾಕಿಕೊಂಡು ಮುಂದಿನದಕ್ಕೆ ಹೋಗಬೇಕು. ಇನ್‌ವಿಸಲೈನ್ ಅನ್ನುವ ಅಲೈನರ್ ಮಾಡುವ ಅಲೈನ್ ಟೆಕ್ನಾಲಜಿ ಕಂಪನಿ 1997ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಈಗ ನಮ್ಮ ದೇಶದಲ್ಲೇ ಮಾಡುವ ಕಂಪನಿಗಳೂ ಇವೆ.

ಅಲೈನರ್ ಚೆನ್ನಾಗಿ ಹೊಂದುವುದು ಸಂದು, ಸ್ವಲ್ಪ ಒತ್ತೊತ್ತು, ಮೊದಲು ಕ್ಲಿಪ್ ಹಾಕಿಸಿ ಮತ್ತೆ ಜರುಗಿದ ಹಲ್ಲು, ಇಂಥವಕ್ಕೆ. ಊಟಕ್ಕೆ ತೆಗೆಯಬಹುದು, ಹಲ್ಲುಜ್ಜಲು ಅಡ್ಡಿ ಇಲ್ಲ, ಹುಣ್ಣು ಕಡಿಮೆ. ಒಂದೇ ಸಲ ಹಲವು ಸೆಟ್ ಕೊಡುವುದರಿಂದ ಊರೂರು ತಿರುಗುವವರಿಗೂ, ಆನ್‌ಸೈಟ್ ಹೋಗುವವರಿಗೂ ಅನುಕೂಲ. ಪೂರ್ತಿ ಕಾಣಲ್ಲ ಅನ್ನುವುದು ಮಾತ್ರ ಅರ್ಧ ಸತ್ಯ. ಹಿಡಿತಕ್ಕೆ ಅಂತ ಹಲವು ಹಲ್ಲುಗಳ ಮೇಲೆ ಹಲ್ಲಿನ ಬಣ್ಣದ ಪುಟ್ಟ ಗುಬುಟು ಅಂಟಿಸುತ್ತಾರೆ, ಹತ್ತಿರದಿಂದ ಅದು ಕಾಣುತ್ತದೆ.

ಈಗ ಆ ಕಾಫಿಯ ವಿಷಯ. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಅಂದರೆ ತಿಂಡಿ, ಊಟ, ಕಾಫಿ, ಟೀ, ಬ್ರಷ್ ಎಲ್ಲ ಸೇರಿ ನಿಮಗೆ ಉಳಿಯುವುದು ಎರಡರಿಂದ ನಾಲ್ಕು ಗಂಟೆ. ಹಾಕಿಕೊಂಡೇ ಕುಡಿಯಬಹುದಾದ್ದು ನೀರು ಮಾತ್ರ. ಬಿಸಿ ಕಾಫಿಗೆ ಪ್ಲಾಸ್ಟಿಕ್ ಸೊಟ್ಟಗಾಗಬಹುದು, ಬಣ್ಣ ಹಿಡಿಯುತ್ತದೆ, ಸಕ್ಕರೆ ಒಳಗೆ ನಿಂತು ಹಲ್ಲು ಹುಳುಕಾಗುತ್ತದೆ. ಪ್ರತಿ ಮೀಟಿಂಗ್ ಆದ ಮೇಲೆ ಕ್ಯಾಂಟೀನ್‌ಗೆ ಹೋಗುವವರು, ಗ್ರಾಹಕರ ಮನೆಗೆ ಹೋದಲ್ಲೆಲ್ಲ ಟೀ ಕುಡಿಯಲೇಬೇಕಾದ ಸೇಲ್ಸ್‌ನವರು ಇಲ್ಲೇ ಸೋಲುತ್ತಾರೆ. ತೆಗೆದದ್ದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟು ಕಸದ ಬುಟ್ಟಿಗೆ ಹಾಕಿ ಕಳೆದುಕೊಳ್ಳುವವರೂ ಕಡಿಮೆ ಇಲ್ಲ. ನೀವು ದಿನಾ ಮಾತ್ರೆ ತಗೊಳ್ಳುವುದನ್ನು ಮರೆಯುವ ಜಾತಿಯವರಾದರೆ ದಯವಿಟ್ಟು ಕ್ಲಿಪ್ ಹಾಕಿಸಿ.

ಇನ್ನು ಮನೆಗೇ ಬಂದು ಸ್ಕ್ಯಾನ್ ಮಾಡಿ, ಬಾಕ್ಸ್ ಕಳಿಸಿ, ಡಾಕ್ಟರ ಮುಖವನ್ನೇ ಸರಿಯಾಗಿ ತೋರಿಸದ ಅಗ್ಗದ ಅಲೈನರ್. ನಾನು ಬೇಡ ಅಂತಲೇ ಹೇಳುತ್ತೇನೆ. ಎಕ್ಸ್‌ರೇ ತೆಗೆಯದೆ ಬೇರು ಹೇಗಿದೆ, ಮೂಳೆ ಎಷ್ಟಿದೆ ಅಂತ ಯಾರಿಗೂ ಗೊತ್ತಾಗಲ್ಲ. ಅಮೆರಿಕದಲ್ಲಿ ಅಂಚೆಯಲ್ಲಿ ಅಲೈನರ್ ಕಳಿಸುತ್ತಿದ್ದ ದೊಡ್ಡ ಕಂಪನಿ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಏಕಾಏಕಿ ಬಾಗಿಲು ಹಾಕಿತು. ಅರ್ಧ ಚಿಕಿತ್ಸೆಯಲ್ಲಿದ್ದವರು ನಡುನೀರಿನಲ್ಲಿ ನಿಂತರು. ಎದುರಿಗೆ ಒಬ್ಬ ಡಾಕ್ಟರು, ಅವರದ್ದೊಂದು ಕ್ಲಿನಿಕ್ ಇದ್ದರೆ ಹೋಗಿ ಕೇಳಬಹುದು, ಅಲ್ವಾ?

ವೆನೀರ್, ಕಾಂಪೊಸಿಟ್

ಮುಂದಿನ ತಿಂಗಳು ಮದುವೆ, ಇಲ್ಲವೇ ಹೊಸ ಕೆಲಸಕ್ಕೆ ಸೇರುವ ದಿನ. ಇಂಥ ಅವಸರದಲ್ಲಿ ವೆನೀರ್ ನೆನಪಾಗುತ್ತದೆ. ಹಲ್ಲಿನ ಮುಂಭಾಗಕ್ಕೆ ತೆಳುವಾದ ಪಿಂಗಾಣಿ ಪದರ ಅಂಟಿಸುವುದು. ಒಂದೊಂದು ಹಲ್ಲಿಗೂ ಸಾವಿರಗಟ್ಟಲೆ ರೂಪಾಯಿ, ಹಾಗಾಗಿ ಆರು ಎಂಟು ಹಲ್ಲಿಗೆ ಮಾಡಿಸಿದರೆ ಕ್ಲಿಪ್ಪಿಗಿಂತ ದುಬಾರಿ. ಇದು ಹಲ್ಲನ್ನು ಜರುಗಿಸಲ್ಲ, ಬರೀ ಮರೆಮಾಡುತ್ತದೆ. ಪದರಕ್ಕೆ ಜಾಗ ಮಾಡಲು ಎನಾಮಲ್ ಕೆರೆಯಬೇಕಾಗುತ್ತದೆ, ಕೆರೆದ ಎನಾಮಲ್ ಮತ್ತೆ ಬೆಳೆಯಲ್ಲ. ಹಲ್ಲು ಹೆಚ್ಚು ಸೊಟ್ಟ ಇದ್ದಷ್ಟೂ ಹೆಚ್ಚು ಕೆರೆಯಬೇಕು. ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸಬೇಕಾಗುತ್ತದೆ, ಅಂದರೆ ಇಪ್ಪತ್ತೈದರಲ್ಲಿ ಹಾಕಿಸಿದರೆ ಜೀವನದಲ್ಲಿ ಹಲವು ಸಲ.

ಚಿಕ್ಕ ಸಂದು ಇದ್ದರೆ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬಿಸುವುದು ಬೇರೆ ಮಾತು. ಹೆಚ್ಚಾಗಿ ಕೆರೆಯುವ ಅಗತ್ಯ ಇರಲ್ಲ, ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಬೆಲೆ ಕಡಿಮೆ. ಕೆಲವು ವರ್ಷಕ್ಕೆ ಚೂರು ಒಡೆದರೆ ಮತ್ತೆ ಹಾಕಿಸಬೇಕು ಅಷ್ಟೇ. ಕೋಲಾರ, ಪಾವಗಡ, ರಾಯಚೂರು ಕಡೆ ಬೋರ್‌ವೆಲ್ ನೀರಿನ ಅತಿಯಾದ ಫ್ಲೋರೈಡ್‌ನಿಂದ ಹಲ್ಲಿಗೆ ಕಂದು ಕಲೆ ಬಂದವರು ಒಂದು ವಿಷಯ ತಿಳಿದಿರಲಿ. ಕ್ಲಿಪ್ ಹಾಕಿಸಿದರೆ ಸಾಲು ಸರಿಯಾಗುತ್ತದೆ, ಕಲೆ ಹೋಗಲ್ಲ. ನಿಮಗೆ ಮುಜುಗರ ತರುತ್ತಿರುವುದು ಯಾವುದು ಅಂತ ಮೊದಲು ನೋಡಿಕೊಳ್ಳಿ. ಎರಡೂ ಬೇಕಿದ್ದರೆ ಮೊದಲು ಸಾಲು, ಆಮೇಲೆ ಬಣ್ಣ.

ರಬ್ಬರ್ ಬ್ಯಾಂಡ್ ಹಾಕಿ ಮನೆಯಲ್ಲೇ ಸಂದು ಮುಚ್ಚುವ ವಿಡಿಯೋಗಳನ್ನು ನಂಬಲೇಬೇಡಿ. ಬ್ಯಾಂಡ್ ಮೆಲ್ಲಗೆ ವಸಡಿನೊಳಗೆ ಜಾರಿ ಬೇರಿನವರೆಗೂ ಹೋಗಿ, ಚೆನ್ನಾಗಿದ್ದ ಮುಂದಿನ ಹಲ್ಲುಗಳನ್ನೇ ಕಳೆದುಕೊಂಡವರಿದ್ದಾರೆ.

ಹಾಗೇ ಬಿಡುವುದು

ಇದೂ ಒಂದು ಆಯ್ಕೆ. ಕಚ್ಚುವಿಕೆ ಸರಿ ಇದ್ದು, ಒಂದು ಕೋರೆಹಲ್ಲು ಮುಂದೆ ಬಂದಿದೆ ಅಷ್ಟೇ ಅಂದರೆ, ನಿಮಗೆ ಅದು ಕಾಡದಿದ್ದರೆ ಯಾರದೋ ಮಾತಿಗೆ ಐವತ್ತು ಸಾವಿರ ಸಾಲ ಮಾಡಬೇಡಿ. ಒಂದು ಕ್ಲೀನಿಂಗ್ ಮಾಡಿಸಿ, ಮಾತಾಡುವ ಅಭ್ಯಾಸಕ್ಕೆ ಸಮಯ ಕೊಡಿ. ಮೊಬೈಲಿನಲ್ಲಿ ನಿಮ್ಮದೇ ಮಾತು ರೆಕಾರ್ಡ್ ಮಾಡಿ ಕೇಳಿದರೆ ತೊಂದರೆ ಹಲ್ಲಿನದ್ದಾ, ಬಾಯಿ ತೆರೆಯದ್ದರದ್ದಾ ಅಂತ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ತೊಂದರೆ ದೊಡ್ಡದು ಅನ್ನುವವರು ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರದ ಸರ್ಕಾರಿ ದಂತ ಕಾಲೇಜು ಇದೆ. ಧಾರವಾಡ, ದಾವಣಗೆರೆ, ಮೈಸೂರು, ಮಂಗಳೂರು, ಮಣಿಪಾಲ, ಬೆಳಗಾವಿಯಲ್ಲೂ ಡೆಂಟಲ್ ಕಾಲೇಜುಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರೊಫೆಸರುಗಳ ಕಣ್ಣೆದುರೇ ಮಾಡುತ್ತಾರೆ, ಬೆಲೆ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಬದಲಿಗೆ ನೀವು ಕೊಡುವುದು ಸಮಯ. ವಾರದ ದಿನಗಳಲ್ಲೇ ಹೋಗಬೇಕು, ಕಾಯಬೇಕು, ಅರ್ಧ ದಿನದ ರಜೆ ಹೋಗುತ್ತದೆ. ವಿದ್ಯಾರ್ಥಿಯ ಮೂರು ವರ್ಷದ ಕೋರ್ಸ್ ಮುಗಿದರೆ ನಿಮ್ಮ ಕೇಸು ಇನ್ನೊಬ್ಬರ ಕೈಗೆ ಹೋಗಬಹುದು. ಶಿಫ್ಟ್ ಕೆಲಸದವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ದಿನವಿಡೀ ಮಾತಾಡುವ ಕೆಲಸ, ಮಧ್ಯಮ ಬಜೆಟ್ ಅಂದರೆ ಮೇಲೆ ಸೆರಾಮಿಕ್, ಕೆಳಗೆ ಮೆಟಲ್. ನಾಲಿಗೆಗೆ ಏನೂ ತಾಗಲ್ಲ, ಮಾತು ಬೇಗ ಸರಿಹೋಗುತ್ತದೆ. ಚಿಕ್ಕ ತೊಂದರೆ, ಶಿಸ್ತು ಇದೆ, ಪ್ರಯಾಣ ಜಾಸ್ತಿ ಅಂದರೆ ಡಾಕ್ಟರ ಕೈಯಿಂದಲೇ ಅಲೈನರ್. ಕಬಡ್ಡಿ, ಬಾಕ್ಸಿಂಗ್ ಆಡುವವರು ಕ್ಲಿಪ್ ಹಾಕಿಸಿದರೆ ಮೌತ್‌ಗಾರ್ಡ್ ಬೇಕೇ ಬೇಕು. ಸೇನೆಗೆ ಆಫೀಸರ್ ಆಗಿ ಸೇರಲು ತಯಾರಿ ಮಾಡುವವರು ಆ ವರ್ಷದ ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಈಗಲೇ ಓದಿ, ಯಾಕಂದರೆ ಬಾಯಲ್ಲಿ ಕ್ಲಿಪ್ ಇರುವಾಗ ಪರೀಕ್ಷೆಗೆ ಹೋದರೆ ತೊಂದರೆಯಾಗಬಹುದು. ಅದಕ್ಕೆ ತಕ್ಕ ಹಾಗೆ ಬೇಗ ಶುರು ಮಾಡಿ ಬೇಗ ಮುಗಿಸಿಕೊಳ್ಳಿ.

ಮೊದಲ ಭೇಟಿಯಲ್ಲಿ ದುಡ್ಡು ಕಟ್ಟಬೇಡಿ. ಬಿಡಿಎಸ್ ಆದ ಮೇಲೆ ಹಲ್ಲು ಸಾಲು ಮಾಡುವ ವಿಭಾಗವಾದ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದವರೇ ನೋಡುತ್ತಾರಾ, ಹಲ್ಲು ಕೀಳಿಸಬೇಕಾ, ಯಾಕೆ, ಬ್ರಾಕೆಟ್ ಕಿತ್ತು ಬಂದರೆ ಎಷ್ಟು, ಅಲೈನರ್ ಆದರೆ ಕೊನೆಯಲ್ಲಿ ಬೇಕಾಗುವ ಹೆಚ್ಚುವರಿ ಸೆಟ್ ಇದೇ ದುಡ್ಡಿನಲ್ಲಿ ಬರುತ್ತದಾ, ಬೇರೆ ಊರಿಗೆ ವರ್ಗವಾದರೆ ಏನು ಮಾಡುತ್ತೀರಿ ಅಂತ ಕೇಳಿ ಬರೆದುಕೊಳ್ಳಿ. ಇನ್ನೊಬ್ಬ ಡಾಕ್ಟರ ಹತ್ತಿರ ಇದೇ ಪ್ರಶ್ನೆ ಕೇಳಿ.

ರಿಟೈನರ್ ಬಗ್ಗೆ ಅಲ್ಲೇ ಮಾತಾಡಿಬಿಡಿ. ಹಲ್ಲಿಗೆ ಹಳೇ ಜಾಗಕ್ಕೆ ಮರಳುವ ಗುಣ ಇದೆ. ಹಲ್ಲಿನ ಹಿಂದೆ ಅಂಟಿಸುವ ತೆಳು ತಂತಿ ಆಗಲಿ, ರಾತ್ರಿ ಹಾಕುವ ಅಚ್ಚು ಆಗಲಿ, ವರ್ಷಗಟ್ಟಲೆ ಬೇಕು. ಅಚ್ಚು ಸವೆದಾಗ ಹೊಸದಕ್ಕೆ ಎಷ್ಟಾಗುತ್ತದೆ ಅಂತ ಕೇಳಿಕೊಳ್ಳಿ. ಕ್ಲಿಪ್ ತೆಗೆಸಿದ ದಿನವೇ, ತಡ ಅಂದರೆ ಒಂದೆರಡು ದಿನದೊಳಗೆ, ರಿಟೈನರ್ ಕೈಗೆ ಸಿಗುವ ಹಾಗೆ ಮೊದಲೇ ಹೇಳಿಡಿ. "ಮುಂದಿನ ತಿಂಗಳು ಬನ್ನಿ" ಅಂದರೆ ಒಪ್ಪಬೇಡಿ, ಅಷ್ಟರಲ್ಲಿ ಹಲ್ಲು ಜರುಗಲು ಶುರುವಾಗಿರುತ್ತದೆ.